ಕೇಪ್ ಹ್ಯಾಟರಸ್: ಗಾಳಗಾರರ ಸಂಘವೂ 40 ವರ್ಷ ತಡವಾಗಿ ಬಂದ ನಿಯಮವೂ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕರಾವಳಿಯಲ್ಲಿ, ಮುಖ್ಯ ಭೂಮಿಯಿಂದ ದೂರ ಸರಿದು ಅಟ್ಲಾಂಟಿಕ್ ಕಡಲಿನತ್ತ ಬಾಗಿರುವ ಮರಳುದ್ವೀಪಗಳ ಸಾಲಿಗೆ ಔಟರ್ ಬ್ಯಾಂಕ್ಸ್ ಎಂದು ಹೆಸರು. ಅದರ ಮೊಣಕೈಯಂತಿರುವ ಚೂಪಾದ ತುದಿಯೇ ಕೇಪ್ ಪಾಯಿಂಟ್. ಉತ್ತರದಿಂದ ಇಳಿಯುವ ತಣ್ಣೀರಿನ ಪ್ರವಾಹವೂ ದಕ್ಷಿಣದಿಂದ ಏರುವ ಬೆಚ್ಚನೆಯ ಗಲ್ಫ್ ಸ್ಟ್ರೀಮ್ ಪ್ರವಾಹವೂ ಇದರಾಚೆ ಸಂಧಿಸುವುದರಿಂದ, ರೆಡ್ ಡ್ರಮ್‌ನಂಥ ದೊಡ್ಡ ಮೀನುಗಳು ದಡದಿಂದ ಎಸೆದ ಗಾಳಕ್ಕೆ ನಿಲುಕುವಷ್ಟು ಸಮೀಪ ಬರುತ್ತವೆ. ಈ ತುದಿ ಇರುವುದು ಹ್ಯಾಟರಸ್ ದ್ವೀಪದಲ್ಲಿ. 1984ರಲ್ಲಿ ಇದೇ ದ್ವೀಪದ ಏವನ್ ಊರಿನ ದಡದಲ್ಲಿ ಸಿಕ್ಕ, 42 ಕಿಲೋಗ್ರಾಂ ಮೀರಿ ತೂಗಿದ ರೆಡ್ ಡ್ರಮ್ ವಿಶ್ವದಾಖಲೆಯಾಯಿತು. ಬಕ್ಸ್‌ಟನ್ ಊರಿನಲ್ಲಿ 1957ರಲ್ಲಿ ಹುಟ್ಟಿದ ಕೇಪ್ ಹ್ಯಾಟರಸ್ ಆ್ಯಂಗ್ಲರ್ಸ್ ಕ್ಲಬ್ ಎಂಬ ಗಾಳಗಾರರ ಸಂಘಕ್ಕೆ ಈ ತುದಿಯೇ ಜೀವಾಳ. ಆದರೆ ಉದ್ದನೆಯ ಗಾಳಕೋಲು, ಐಸ್ ಪೆಟ್ಟಿಗೆ ಹೊತ್ತು ಸಡಿಲ ಮರಳಿನಲ್ಲಿ ಅಷ್ಟು ದೂರ ನಡೆಯುವುದು ಕಷ್ಟವಾದ್ದರಿಂದ, ಮೀನಿನ ಪ್ರಶ್ನೆ ಮೊದಲಿನಿಂದಲೂ ವಾಹನದ ಪ್ರಶ್ನೆಯೇ ಆಗಿತ್ತು.

ದಡದಲ್ಲಿ ವಾಹನ ಓಡಿಸುವ ಗಾಳಗಾರರಿಗೂ ಅಲ್ಲಿನ ಹಕ್ಕಿಗಳನ್ನು ಕಾಯುವವರಿಗೂ ನಡುವೆ ಬೆಳೆದ ವ್ಯಾಜ್ಯದ ಬೇರು, ಈ ಕಡಲತೀರವನ್ನು ರಾಷ್ಟ್ರೀಯ ಉದ್ಯಾನವಾಗಿಸಿದ ಕಾನೂನಿನಲ್ಲೇ ಇದೆ. ದೇಶದ ಮೊದಲ ರಾಷ್ಟ್ರೀಯ ಕಡಲತೀರವಾಗಿ ಕೇಪ್ ಹ್ಯಾಟರಸ್‌ಗೆ ಸಂಸತ್ತು 1937ರಲ್ಲಿ ಒಪ್ಪಿಗೆ ಕೊಟ್ಟಾಗ, ಊರಿನವರು ಮೀನುಗಾರಿಕೆಯಿಂದ ಬದುಕುವ ಹಕ್ಕನ್ನು ಉಳಿಸಿತು. ವಿಹಾರಕ್ಕೆಂದು ಬಿಟ್ಟ ಭಾಗಗಳ ಹೊರತು ಉಳಿದುದನ್ನು ಮೂಲಸ್ಥಿತಿಯ ವನ್ಯಪ್ರದೇಶವಾಗಿ ಶಾಶ್ವತವಾಗಿ ಕಾಯಬೇಕೆಂದೂ ವಿಧಿಸಿತು. 1952ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯ ನಿರ್ದೇಶಕ ಕಾನ್ರಾಡ್ ವರ್ತ್ ದ್ವೀಪದ ಜನರಿಗೆ ಸ್ಥಳೀಯ ಪತ್ರಿಕೆಯ ಮೂಲಕ ಬಹಿರಂಗ ಪತ್ರ ಬರೆದು, ಕಡಲದಡಕ್ಕೆ ಎಲ್ಲರಿಗೂ ಎಂದೆಂದಿಗೂ ದಾರಿ ಇರುತ್ತದೆ ಎಂದು ಮಾತು ಕೊಟ್ಟರು. ಅದರ ಬೆನ್ನಿಗೇ, ವಾಹನಗಳು ದಡಕ್ಕೆ ಇಳಿಯುವ ಜಾಗಗಳನ್ನು ಗೊತ್ತುಪಡಿಸಬೇಕಾಗುತ್ತದೆ ಎಂದೂ ಅವರು ಬರೆದಿದ್ದರು. ಊರಿನವರು ಮೊದಲ ಮಾತನ್ನು ನೆನಪಿನಲ್ಲಿಟ್ಟುಕೊಂಡರು; ಎರಡನೆಯದನ್ನು ಜಾರಿಗೆ ತರಬೇಕಾದವರು ದಶಕಗಳ ಕಾಲ ಸುಮ್ಮನಿದ್ದರು.

1963ರಲ್ಲಿ ದ್ವೀಪದ ಉತ್ತರಕ್ಕಿರುವ ಒರೆಗಾನ್ ಅಳಿವೆಗೆ ಸೇತುವೆ ಆದ ಮೇಲೆ ದ್ವೀಪಕ್ಕೆ ಬರುವ ವಾಹನಗಳು ಹೆಚ್ಚಿದವು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶ, ಸಂಯುಕ್ತ ಸರ್ಕಾರದ ಭೂಮಿಯಲ್ಲಿ ರಸ್ತೆ ಬಿಟ್ಟು ಓಡುವ ವಾಹನಗಳಿಗೆ ನಿಯಮ ರೂಪಿಸಲೇಬೇಕೆಂದಿತು. ಹ್ಯಾಟರಸ್‌ನಲ್ಲಿ 1978ರಲ್ಲಿ ಒಂದು ತಾತ್ಕಾಲಿಕ ಯೋಜನೆ ಸಿದ್ಧವಾಯಿತಾದರೂ ಅದು ಅಧಿಕೃತ ನಿಯಮವಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ದೊಡ್ಡ ತಪ್ಪು ಇದೇ. ಆಗ ಮಾತುಕತೆ ಸುಲಭವಿತ್ತು, ಏಕೆಂದರೆ ಹಕ್ಕಿ ಇನ್ನೂ ಕಾನೂನಿನೊಳಗೆ ಬಂದಿರಲಿಲ್ಲ.

ಆ ಹಕ್ಕಿ ಪೈಪಿಂಗ್ ಪ್ಲೋವರ್. ಮುಷ್ಟಿಯಷ್ಟೇ ದೊಡ್ಡದು, ಒಣಮರಳಿನ ಬಣ್ಣದ್ದು. ಬಯಲು ಮರಳಿನಲ್ಲಿ ಸಣ್ಣ ಗುಳಿ ಕೆದರಿ ಮೊಟ್ಟೆ ಇಡುತ್ತದೆ. ಮರಿಗಳು ಒಡೆದು ಬಂದ ಕೆಲವೇ ಗಂಟೆಗಳಲ್ಲಿ ಆಹಾರಕ್ಕಾಗಿ ನೀರಿನಂಚಿಗೆ ಓಡುತ್ತವೆ, ದಾರಿಯಲ್ಲಿ ಚಕ್ರದ ಜಾಡು ಸಿಕ್ಕರೆ ಅದರೊಳಗೇ ಅಡಗಿ ಕೂರುತ್ತವೆ. 1986ರಲ್ಲಿ ಅಟ್ಲಾಂಟಿಕ್ ಕರಾವಳಿಯ ಈ ಹಕ್ಕಿಗಳು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದವು. ಮೀನು ಹೇರಳವಾಗಿರುವ ತುದಿಗಳೂ ಅಳಿವೆಯ ಬಾಯಿಗಳೂ ಹಕ್ಕಿಗೂ ಅಚ್ಚುಮೆಚ್ಚಿನ ಜಾಗಗಳಾಗಿದ್ದುದು ಇಬ್ಬರ ದುರದೃಷ್ಟ.

ಕೊನೆಗೆ 2007ರ ಡಿಸೆಂಬರ್‌ನಲ್ಲಿ, ಸಂಬಂಧಪಟ್ಟವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿ ನಿಯಮ ರೂಪಿಸುವ ಸಮಿತಿ ರಚನೆಯಾಯಿತು. ಸುಮಾರು 30 ಸದಸ್ಯರಲ್ಲಿ ಗಾಳಗಾರರ ಸಂಘಕ್ಕೂ ಸ್ಥಾನವಿತ್ತು. ಎದುರಿಗೆ ಆಡುಬಾನ್, ಡಿಫೆಂಡರ್ಸ್ ಆಫ್ ವೈಲ್ಡ್‌ಲೈಫ್‌ನಂಥ ಸಂರಕ್ಷಣಾ ಸಂಸ್ಥೆಗಳಿದ್ದವು. ಚಂಡಮಾರುತ ಮತ್ತು ನರಿ, ರಕೂನ್‌ಗಳ ಹಾವಳಿಯನ್ನು ಬದಿಗಿಟ್ಟು ವಾಹನದ ಮೇಲೆಯೇ ದೋಷ ಹೊರಿಸುವುದು ಸಲ್ಲದು, ಮರಿಗಳ ಸುತ್ತ ದಡ ಮುಚ್ಚಿದರೂ ತುದಿಗೆ ಹೋಗಲು ಕಿರುದಾರಿಯೊಂದು ಉಳಿಯಲಿ ಎಂಬುದು ಗಾಳಗಾರರ ಪಾಳಯದ ವಾದ. ಆದರೆ ಸಮಿತಿ ಕೂಡುವ ಮೊದಲೇ, 2007ರ ಅಕ್ಟೋಬರ್‌ನಲ್ಲಿ, ಈ ಎರಡು ಸಂಸ್ಥೆಗಳು ಉದ್ಯಾನ ಸೇವೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ್ದವು. 2008ರ ಏಪ್ರಿಲ್ 30ರಂದು ಹೊರಬಿದ್ದ ಒಪ್ಪಂದದ ತೀರ್ಪಿನಂತೆ, ಹಾರಲಾರದ ಪ್ಲೋವರ್ ಮರಿಗಳ ಸುತ್ತ 1,000 ಮೀಟರ್‌ವರೆಗೆ ವಾಹನ ನಿಷೇಧವಾಯಿತು. ಯಾರಾದರೂ ಬೇಕೆಂದೇ ಗಡಿ ಮುರಿದರೆ, ಮುಚ್ಚಿದ ಜಾಗ ಮೊದಲ ಸಲ ಇನ್ನೂ 50 ಮೀಟರ್ ಬೆಳೆಯುತ್ತಿತ್ತು. ಒಬ್ಬನ ತಪ್ಪಿಗೆ ಎಲ್ಲರಿಗೂ ದಂಡ ಬೀಳುವ ಈ ಏರ್ಪಾಟು ಊರಿನವರನ್ನು ನೋಯಿಸಿದ್ದು ಸಹಜ. ಸಮಿತಿಯಾದರೋ 2009ರ ಫೆಬ್ರುವರಿಯಲ್ಲಿ ಒಮ್ಮತಕ್ಕೆ ಬಾರದೆ ಮುಗಿಯಿತು. ಕೋರ್ಟು ಕೆಲಸ ಮುಗಿಸಿದ ಮೇಲೆ ಮೇಜಿನ ಮುಂದೆ ಬಿಟ್ಟುಕೊಡಲು ಯಾರಿಗೂ ಕಾರಣ ಉಳಿದಿರಲಿಲ್ಲ.

ನಿಯಮವನ್ನು ಉದ್ಯಾನ ಸೇವೆಯೇ ಬರೆಯಿತು. 2012ರ ಫೆಬ್ರುವರಿ 15ರಿಂದ ಜಾರಿಯಾದ ಅದರಲ್ಲಿ 28 ಮೈಲಿ ದಡ ವರ್ಷವಿಡೀ ವಾಹನಕ್ಕೆ ತೆರೆದಿತ್ತು, 13 ಮೈಲಿ ಋತುವಿಗೆ ತಕ್ಕಂತೆ, 26 ಮೈಲಿ ಪೂರ್ತಿ ನಡೆಯುವವರಿಗೆ. ಪರವಾನಗಿಗೆ ಆಗ ವಾರಕ್ಕೆ 50 ಡಾಲರ್, ವರ್ಷಕ್ಕೆ 120 ಇತ್ತು. 2007ರಲ್ಲಿ ಆರಿದ್ದ ಪ್ಲೋವರ್ ಜೋಡಿಗಳು 2011ರಲ್ಲಿ 15 ಆಗಿದ್ದವು. ಸಂರಕ್ಷಣಾವಾದಿಗಳಿಗೆ ಅದೇ ಪುರಾವೆ. ದಡದ ಪ್ರವೇಶಕ್ಕಾಗಿ ಕಟ್ಟಿದ ಒಕ್ಕೂಟ ಈ ನಿಯಮದ ವಿರುದ್ಧ ಹೂಡಿದ ದಾವೆ 2014ರಲ್ಲಿ ಬಿದ್ದುಹೋಯಿತು. ಗಾಳಗಾರರ ಅಹವಾಲಿಗೆ ಕಿವಿ ಸಿಕ್ಕಿದ್ದು ಸಂಸತ್ತಿನಲ್ಲಿ: ಅದೇ ವರ್ಷದ ಡಿಸೆಂಬರ್‌ನಲ್ಲಿ ರಕ್ಷಣಾ ವೆಚ್ಚದ ಮಸೂದೆಯೊಳಗೆ ಸೇರಿಸಿದ ಒಂದು ವಿಧಿ, ಹಕ್ಕಿಗಳ ಸುತ್ತಲಿನ ಅಂತರವನ್ನು ಮರುಪರಿಶೀಲಿಸಲು ಆದೇಶಿಸಿತು. 2015ರಲ್ಲಿ ಆ ಅಂತರಗಳು ಕಿರಿದಾದವು, ಮುಚ್ಚಿದ ಜಾಗದ ಬದಿಯಲ್ಲಿ ದಾರಿ ಬಿಡಲು ಅವಕಾಶವಾಯಿತು. ಸಮಿತಿಯ ಮೇಜಿನಲ್ಲಿ ಗಾಳಗಾರರ ಕಡೆಯವರು ಕೇಳಿದ್ದೂ ಅಂಥದೇ ದಾರಿಯನ್ನು.