ಹಕ್ಕುಸ್ವಾಮ್ಯ ಉಲ್ಲಂಘನೆ: ಪ್ರಚಾರದ ಹಾಡು ಯಾರದ್ದು?

ಚುನಾವಣೆ ಬಂತೆಂದರೆ ನಮ್ಮ ಬೀದಿಯಲ್ಲಿ ಮೈಕ್ ಕಟ್ಟಿದ ಆಟೋ ಸುತ್ತುತ್ತದೆ. ಟ್ಯೂನ್ ಯಾವುದೋ ಹಿಟ್ ಸಿನಿಮಾದ್ದು, ಸಾಹಿತ್ಯ ಮಾತ್ರ ಹೊಸದು. ಪಲ್ಲವಿಯಲ್ಲಿ ಅಭ್ಯರ್ಥಿಯ ಹೆಸರು, ಚರಣದಲ್ಲಿ ಚಿಹ್ನೆ. ‘ಪದ ನಾವೇ ಬರೆದದ್ದು, ಕದ್ದದ್ದೇನು?’ ಅನ್ನುವವರೇ ಜಾಸ್ತಿ.

ಕದ್ದದ್ದು ಟ್ಯೂನ್. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಾಹಿತ್ಯ, ಸಂಗೀತ, ರೆಕಾರ್ಡಿಂಗ್ ಮೂರಕ್ಕೂ ಬೇರೆ ಬೇರೆ ಹಕ್ಕು. ಅದು ಯಾರ ಕೈಯಲ್ಲಿದೆಯೋ ಅವರನ್ನು ಕೇಳದೆ ಬಳಸಿದರೆ ಅದೇ ಹಕ್ಕುಸ್ವಾಮ್ಯ ಉಲ್ಲಂಘನೆ.

ಹಾಗಾದರೆ ಟ್ಯೂನನ್ನೇ ಸ್ವಲ್ಪ ತಿರುಚಿದರೆ? ನ್ಯೂಜಿಲೆಂಡಿನ ನ್ಯಾಷನಲ್ ಪಕ್ಷ 2014ರ ಚುನಾವಣೆಯಲ್ಲಿ ಒಂದು ಟಿವಿ ಜಾಹೀರಾತು ಮಾಡಿತು. ಹಿಂದೆ ಕೇಳಿಸುತ್ತಿದ್ದ ಸಂಗೀತ ರ‍್ಯಾಪರ್ ಎಮಿನೆಮ್ ಅವರ ‘ಲೂಸ್ ಯುವರ್‌ಸೆಲ್ಫ್’ ಅಲ್ಲ, ಅದರ ಹಾಗೇ ಕೇಳಿಸುವ ಇನ್ನೊಂದು. ಪಕ್ಷ ಅದನ್ನು ಸುಮ್ನೆ ಎತ್ತಿಕೊಂಡಿರಲಿಲ್ಲ, ರೆಡಿಮೇಡ್ ಸಂಗೀತ ಮಾರುವ ಕಂಪನಿಯಿಂದ ದುಡ್ಡು ಕೊಟ್ಟೇ ತಂದಿತ್ತು. ಆದರೆ ಆ ಟ್ರ್ಯಾಕಿನ ಹೆಸರೇ ‘ಎಮಿನೆಮ್ ಎಸ್ಕ್’, ಅಂದರೆ ‘ಎಮಿನೆಮ್ ಥರ’! 2017ರಲ್ಲಿ ಅಲ್ಲಿನ ಹೈಕೋರ್ಟ್ ಇದು ಉಲ್ಲಂಘನೆಯೇ ಎಂದು 6 ಲಕ್ಷ ನ್ಯೂಜಿಲೆಂಡ್ ಡಾಲರ್ ಪರಿಹಾರ ಕೊಡಲು ಹೇಳಿತು. ಮುಂದಿನ ವರ್ಷ ಮೇಲ್ಮನವಿಯಲ್ಲಿ ಮೊತ್ತ 2.25 ಲಕ್ಷಕ್ಕೆ ಇಳಿಯಿತು, ತಪ್ಪು ತಪ್ಪಾಗಿಯೇ ಉಳಿಯಿತು.

ಬೆಂಗಳೂರಿನಲ್ಲೂ ಇಂಥದ್ದೊಂದು ಪ್ರಕರಣ ನಡೆದಿದೆ. ಭಾರತ್ ಜೋಡೋ ಯಾತ್ರೆಯ ವಿಡಿಯೋದಲ್ಲಿ ‘ಕೆಜಿಎಫ್ 2’ ಸಂಗೀತ ಬಳಸಿದ್ದಾರೆಂದು ಅದರ ಹಕ್ಕು ಹೊಂದಿದ್ದ ಎಂಆರ್‌ಟಿ ಮ್ಯೂಸಿಕ್ ಕಂಪನಿ ದೂರು ಕೊಟ್ಟಿತು. 2022ರ ನವೆಂಬರಿನಲ್ಲಿ ಇಲ್ಲಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್ ಅದನ್ನು ರದ್ದು ಮಾಡಿತು, ಆದರೆ ಆ ವಿಡಿಯೋ ತೆಗೆಯಬೇಕು ಎಂಬ ಷರತ್ತಿನ ಮೇಲೆ.

ನನಗೆ ದುಡ್ಡಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಟ್ಯೂನ್ ಕಟ್ಟಿದವರು ಆ ಪಕ್ಷಕ್ಕೆ ವೋಟೇ ಹಾಕದವರಿರಬಹುದು, ಅಲ್ವಾ? ಆದರೂ ಅವರ ಹಾಡು ಒಂದು ತಿಂಗಳು ಆ ಪಕ್ಷದ ಪರ ಊರೆಲ್ಲ ಕೂಗುತ್ತದೆ. ಬೇಡ ಅನ್ನುವ ಅವಕಾಶವಾದರೂ ಅವರಿಗೆ ಸಿಗಬೇಕು.

ಅಂದ ಹಾಗೆ, ಮದುವೆ ಮೆರವಣಿಗೆಯಲ್ಲಿ ಹಾಡು ಹಾಕುವುದಕ್ಕೆ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಚುನಾವಣಾ ಮೆರವಣಿಗೆಗೆ ಅಂಥ ವಿನಾಯಿತಿ ಇಲ್ಲ.