ಗೆಲುವಿನಲ್ಲಿ ಕೋಚ್ ಪಾಲೆಷ್ಟು?

ಫುಟ್‌ಬಾಲ್ ತಂಡ ಗೆದ್ದರೆ ಕೋಚ್‌ಗೆ ಹಾರ ಹಾಕುವ ವಾಡಿಕೆ ಹಳೆಯದೇನಲ್ಲ. ಹಿಂದೆ ಅವರ ಕೈಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. 1946ರಲ್ಲಿ ಇಂಗ್ಲೆಂಡ್ ವಾಲ್ಟರ್ ವಿಂಟರ್‌ಬಾಟಮ್ ಅವರನ್ನು ನೇಮಿಸಿದ ಮೇಲೂ ಹನ್ನೊಂದು ಮಂದಿಯನ್ನು ಆರಿಸುತ್ತಿದ್ದುದು ಸಮಿತಿಯೇ. ಆಯ್ಕೆ ತಮ್ಮದೇ ಆಗಿರಬೇಕೆಂದು ಷರತ್ತು ಹಾಕಿ ಬಂದವರು ಆಲ್ಫ್ ರಾಮ್ಸೆ. 1966ರಲ್ಲಿ ಇಂಗ್ಲೆಂಡ್‌ಗೆ ವಿಶ್ವಕಪ್ ಬಂತು. ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿದ್ದು 1970ರಲ್ಲಿ, ಅದೂ ಇಬ್ಬರಿಗೆ. ಈಗ ಐವರನ್ನು ಇಳಿಸಬಹುದು.

ಅಧಿಕಾರದ ಜೊತೆ ಹೊಗಳಿಕೆಯೂ ಬೆಳೆಯಿತು, ತೆಗಳಿಕೆಯೂ. ಅತಿ ಹೆಚ್ಚು ಗೋಜಲಾಗಿರುವುದು ಬದಲಿ ಆಟಗಾರರನ್ನು ಇಳಿಸುವ ಲೆಕ್ಕವೇ. 2014ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಕೋಸ್ಟರಿಕಾ ವಿರುದ್ಧ ಹೆಚ್ಚುವರಿ ಸಮಯವೂ ಸಮಬಲದಲ್ಲೇ ಮುಗಿದು ಪಂದ್ಯ ಪೆನಾಲ್ಟಿ ಒದೆತಗಳಿಗೆ ಹೋಗುವುದರಲ್ಲಿದ್ದಾಗ ನೆದರ್ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಗೋಲ್‌ಕೀಪರ್ ಸಿಲೆಸನ್‌ರನ್ನು ಹೊರಕರೆದು ಟಿಮ್ ಕ್ರುಲ್‌ರನ್ನು ಇಳಿಸಿದರು. ಕ್ರುಲ್ ಐದೂ ಪೆನಾಲ್ಟಿಗೆ ಸರಿಯಾದ ಕಡೆಗೇ ಹಾರಿ ಎರಡನ್ನು ತಡೆದರು. ಜಾಣ ನಡೆ, ನಿಜ. ಆದರೆ ಒಂದು ಬದಲಾವಣೆಯನ್ನು 120 ನಿಮಿಷ ಕಾದಿಡುವುದೆಂದರೆ ಅಷ್ಟೂ ಹೊತ್ತು ಯಾರ ಕಾಲೂ ಹಿಡಿದುಕೊಳ್ಳದಿರಲಿ ಎಂದು ಹರಕೆ ಹೊತ್ತಂತೆ. ನಾಲ್ಕು ದಿನದ ಬಳಿಕ ಅರ್ಜೆಂಟೀನಾ ಎದುರಿನ ಸೆಮಿಫೈನಲ್‌ನಲ್ಲಿ ಆಗ ಅವಕಾಶವಿದ್ದ ಮೂರೂ ಬದಲಾವಣೆ ಪೆನಾಲ್ಟಿಗೆ ಮೊದಲೇ ಖರ್ಚಾಗಿದ್ದವು. ಗೋಲಿನಲ್ಲಿ ಉಳಿದದ್ದು ಸಿಲೆಸನ್. ಒಂದು ಪೆನಾಲ್ಟಿಯನ್ನೂ ತಡೆಯಲಾಗಲಿಲ್ಲ, 4-2ರಿಂದ ಸೋಲು. ಎರಡೂ ದಿನ ಕೋಚ್ ಅವರೇ, ತಲೆಯೂ ಅದೇ.

ಗೋಲು ವಿರಳವಾದ ಆಟವಿದು. 2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಂದದ್ದು 172 ಗೋಲು. ಯಾರದೋ ಮೊಣಕಾಲಿಗೆ ತಾಗಿ ದಿಕ್ಕು ತಪ್ಪಿದ ಒಂದು ಚೆಂಡು ಸಾಕು, ಫಲಿತಾಂಶ ಮಗುಚಲು. ಹೊಸ ಕೋಚ್ ಬಂದ ಕೂಡಲೇ ಗೆಲುವು ಶುರುವಾಗುವುದರಲ್ಲೂ ಇಂಥದೇ ಮಾಯೆಯಿದೆ: ಹಳಬರನ್ನು ಕಳಿಸುವುದು ಸಾಮಾನ್ಯವಾಗಿ ಸತತ ಸೋಲಿನ ತಳದಲ್ಲಿ. ಅಲ್ಲಿಂದ ಮೇಲೇಳುವುದು ಹೇಗೂ ಇತ್ತು. ಅಷ್ಟೇ ಕೆಟ್ಟದಾಗಿ ಸೋತೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಚೇತರಿಕೆ ಬಹುಪಾಲು ಕರಗುತ್ತದೆ.

ಹಾಗಾದರೆ ಕೋಚ್ ಕೈಚಳಕ ಕಾಣುವುದೆಲ್ಲಿ? ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್‌ನಲ್ಲಿ ಗೋಲಿನ ಹತ್ತಿರದ ಕಂಬಕ್ಕೆ ಓಡುವವರು ಯಾರು, ಗೋಲ್‌ಕೀಪರ್ ದಾರಿಗೆ ಅಡ್ಡ ನಿಲ್ಲುವವರು ಯಾರು, ದಾಳಿ ಮುರಿದಾಗ ಹಿಂದೆ ಉಳಿದಿರುವವರು ಇಬ್ಬರೋ ಮೂವರೋ ಎಂಬಲ್ಲಿ. ಇವೆಲ್ಲ ಅಭ್ಯಾಸದಲ್ಲಿ ನೂರು ಸಲ ತಿದ್ದಿದ ಸಂಗತಿಗಳು. ಆಟಗಾರರು ಬದಲಾದರೂ ಉಳಿಯುತ್ತವೆ. ಅದನ್ನು ನೋಡಲು ಒಂದು ಪಂದ್ಯ ಸಾಲದು. ಹತ್ತು ಹದಿನೈದು ಪಂದ್ಯಗಳಲ್ಲಿ ಗೋಲಿಗಿಂತ, ಗಳಿಸಿದ ಮತ್ತು ಬಿಟ್ಟುಕೊಟ್ಟ ಅವಕಾಶಗಳನ್ನು ಎಣಿಸಬೇಕು.

ಲೆಸ್ಟರ್ ಸಿಟಿ 2016ರ ಮೇ ತಿಂಗಳಲ್ಲಿ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಗೆದ್ದಾಗ ಕೋಚ್ ಕ್ಲಾಡಿಯೊ ರಾನಿಯೇರಿ ದೇವರಾಗಿದ್ದರು. 2017ರ ಫೆಬ್ರವರಿಯಲ್ಲಿ ಕೆಲಸ ಹೋಯಿತು. ಆ ನಡುವೆ ತಂಡ ಬಿಟ್ಟ ಮುಖ್ಯ ಆಟಗಾರ ಎಂಗೊಲೊ ಕಾಂಟೆ ಒಬ್ಬರೇ. ಅವರು ಸೇರಿದ ಚೆಲ್ಸಿ ಆ ಋತುವಿನ ಚಾಂಪಿಯನ್ ಆಯಿತು. ಅಲ್ಲಿಯೂ ಕೋಚ್ ಹೊಸಬರೇ.