ಚಿಂಪಾಂಜಿಗೂ ಬುದ್ಧಿ ಇದೆ ಎಂದ ಮೇಲೆ ನಮ್ಮ ತಲೆಯಲ್ಲಿ ಬೇರೆ ಏನಿದೆ?

ಪ್ರಶ್ನೆ: ಚಿಂಪಾಂಜಿ ಉಪಕರಣ ಬಳಸುತ್ತದೆ, ನಾಯಿಗೆ ಸಾವಿರ ಹೆಸರು ಗೊತ್ತಾಗುತ್ತದೆ, ಹಕ್ಕಿ ನಾಳೆಗೆ ಕೂಡಿಡುತ್ತದೆ ಎಂದು ಆಗಾಗ ಓದುತ್ತೇವೆ. ಹಾಗಿದ್ದರೆ ಮನುಷ್ಯನ ಮನಸ್ಸಿಗೆ ಮಾತ್ರ ಇರುವಂಥದ್ದು ಏನಾದರೂ ಉಳಿದಿದೆಯೇ? ಅಥವಾ ಅದು ಬರೀ ನಮ್ಮ ಜಂಬವೇ?

ಉತ್ತರ: ಉಳಿದಿದೆ. ಆದರೆ ಹೆಚ್ಚಿನವರು ಹುಡುಕುವ ಜಾಗದಲ್ಲಲ್ಲ. ಒಬ್ಬ ಮನುಷ್ಯನನ್ನೂ ಒಂದು ಚಿಂಪಾಂಜಿಯನ್ನೂ ಎದುರುಬದುರು ಕೂರಿಸಿ ಬುದ್ಧಿ ಅಳೆದರೆ ಅಂತರ ನಾವಂದುಕೊಂಡಷ್ಟು ದೊಡ್ಡದಿಲ್ಲ. ಒಂದು ತಲೆಯಲ್ಲಿರುವುದು ಇನ್ನೊಂದು ತಲೆಗೆ ಹೇಗೆ ದಾಟುತ್ತದೆ ಎಂದು ನೋಡಿದಾಗ ಮಾತ್ರ ಅಂತರ ಹಿಗ್ಗುತ್ತದೆ.

ಮೊದಲು ಮಿದುಳಿನ ಗಾತ್ರದ ಮಾತು ಮುಗಿಸಿಬಿಡೋಣ. ನಮ್ಮ ಮಿದುಳು ಸುಮಾರು 1,350 ಗ್ರಾಂ, ಚಿಂಪಾಂಜಿಯದು 400ರ ಆಸುಪಾಸು, ಆನೆಯದು ನಾಲ್ಕೂವರೆ ಕಿಲೋದಷ್ಟು. ನರಕೋಶ ಎಣಿಸಿದರೂ ಆನೆಯೇ ಮುಂದೆ: ಆಫ್ರಿಕಾದ ಆನೆಗೆ ಸುಮಾರು 25,700 ಕೋಟಿ, ನಮಗೆ 8,600 ಕೋಟಿ. ಆದರೆ ಆನೆಯ ನರಕೋಶಗಳಲ್ಲಿ ಬಹುಪಾಲು ಇರುವುದು ಹಿಂಬದಿಯ ಕಿರುಮಿದುಳಿನಲ್ಲಿ. ಯೋಚನೆಗೆ ಮುಖ್ಯವಾದ ಹೊರಪದರ, ಅಂದರೆ ಕಾರ್ಟೆಕ್ಸ್‌ನಲ್ಲಿ ಅದಕ್ಕೆ 560 ಕೋಟಿ, ನಮಗೆ 1,600 ಕೋಟಿ. ಇಲ್ಲಿಗೆ ಉತ್ತರ ಸಿಕ್ಕಿತು ಎನ್ನುವಷ್ಟರಲ್ಲಿ ಒಂದು ಜಾತಿಯ ಪೈಲಟ್ ತಿಮಿಂಗಿಲದ ಕಾರ್ಟೆಕ್ಸ್‌ನಲ್ಲಿ 3,700 ಕೋಟಿ ನರಕೋಶಗಳ ಲೆಕ್ಕ ಬಂತು. ಹಾಗಾಗಿ ಎಣಿಕೆಯನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.

ನೆನಪಿನ ವಿಷಯದಲ್ಲೂ ಹೀಗೇ. ಜಪಾನಿನ ಕ್ಯೋಟೋದಲ್ಲಿ ಅಯುಮು ಎಂಬ ಎಳೆ ಚಿಂಪಾಂಜಿಗೆ ಪರದೆಯ ಮೇಲೆ ಚದುರಿದ ಐದು ಅಂಕಿಗಳನ್ನು 210 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು, ತೋರಿಸಿ ಬಿಳಿ ಚೌಕಗಳಿಂದ ಮುಚ್ಚಿಬಿಡುತ್ತಿದ್ದರು. ಅಂಕಿಗಳಿದ್ದ ಜಾಗಗಳನ್ನು ಅದು ಕ್ರಮವಾಗಿ ಮುಟ್ಟುತ್ತ ಹೋಗುತ್ತಿತ್ತು. 2007ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಅಯುಮುವಿನ ಎದುರು ಸೋತರು. ಆದರೆ ಅಯುಮುವಿಗೆ ವರ್ಷಗಳ ಅಭ್ಯಾಸವಿತ್ತು, ವಿದ್ಯಾರ್ಥಿಗಳಿಗೆ ಇರಲಿಲ್ಲ. ಆಮೇಲೆ ಚೆನ್ನಾಗಿ ಅಭ್ಯಾಸ ಮಾಡಿಸಿದಾಗ ಮನುಷ್ಯರೂ ಅಯುಮುವಿನ ಮಟ್ಟ ಮುಟ್ಟಿದರು. ಪ್ರಾಣಿ ಗೆದ್ದಿತು, ಮನುಷ್ಯ ಸೋತ ಎಂಬ ಸುದ್ದಿ ಓದುವಾಗ ಯಾರಿಗೆ ಎಷ್ಟು ತಾಲೀಮು ಸಿಕ್ಕಿತ್ತು ಎಂದು ಮೊದಲು ನೋಡಬೇಕು.

ಸರಿಯಾದ ಜಾಗಕ್ಕೆ ಕೈಯಿಟ್ಟದ್ದು ಅದೇ 2007ರ ಇನ್ನೊಂದು ಅಧ್ಯಯನ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಎರಡೂವರೆ ವರ್ಷದ 105 ಮಕ್ಕಳು, 106 ಚಿಂಪಾಂಜಿಗಳು, 32 ಒರಾಂಗುಟಾನ್ ಎಂಬ ವಾನರಗಳಿಗೆ ಒಂದೇ ಪ್ರಶ್ನೆಪತ್ರಿಕೆ ಎನ್ನಬಹುದಾದ ಪರೀಕ್ಷಾ ಸರಣಿ ಕೊಟ್ಟರು. ಬಟ್ಟಲು ಅದಲುಬದಲು ಮಾಡಿದಾಗ ತಿಂಡಿ ಯಾವುದರಡಿ ಇದೆ, ಯಾವ ತಟ್ಟೆಯಲ್ಲಿ ಹೆಚ್ಚಿದೆ, ಕೈಗೆ ನಿಲುಕದ್ದನ್ನು ಕೋಲಿನಿಂದ ಎಳೆದುಕೊಳ್ಳುವುದು ಹೇಗೆ ಎಂಬಂಥ ವಸ್ತುಲೋಕದ ಪ್ರಶ್ನೆಗಳಲ್ಲಿ ಮಕ್ಕಳೂ ಚಿಂಪಾಂಜಿಗಳೂ ಸರಿಸಮ. ಇನ್ನೊಬ್ಬರು ಮಾಡಿದ್ದನ್ನು ನೋಡಿ ಕಲಿಯುವುದು, ಸನ್ನೆ ಅರ್ಥಮಾಡಿಕೊಳ್ಳುವುದು, ಎದುರಿನವರ ಉದ್ದೇಶ ಗ್ರಹಿಸುವುದು ಬಂದಾಗ ಮಕ್ಕಳು ಮುಕ್ಕಾಲು ಪಾಲು ಸರಿ, ವಾನರಗಳು ಮೂರನೇ ಒಂದರ ಆಸುಪಾಸು. ಆ ಮಕ್ಕಳಿಗೆ ಆಗಿನ್ನೂ ಓದುಬರಹವಿಲ್ಲ, ಲೆಕ್ಕವಿಲ್ಲ. ಅಂದರೆ ನಮಗೆ ಮೊದಲು ಬರುವುದು ಲೆಕ್ಕದ ಬುದ್ಧಿಯಲ್ಲ, ಪಕ್ಕದವರಿಂದ ಹೀರಿಕೊಳ್ಳುವ ಬುದ್ಧಿ.

ಈ ಹೀರಿಕೊಳ್ಳುವಿಕೆಗೆ ಒಂದು ವಿಚಿತ್ರ ಗುಣವಿದೆ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪೆಟ್ಟಿಗೆಯ ಮೇಲಿನ ತೂತಿಗೆ ಕೋಲು ಹಾಕಿ ಕುಟ್ಟಿ, ಆಮೇಲೆ ಮುಂದಿನ ಬಾಗಿಲು ತೆರೆದು ತಿಂಡಿ ತೆಗೆದು ತೋರಿಸಿದರು. ಪೆಟ್ಟಿಗೆ ಅಪಾರದರ್ಶಕವಾಗಿದ್ದಾಗ ಉಗಾಂಡಾದ ಚಿಂಪಾಂಜಿಗಳು ಎರಡೂ ಹೆಜ್ಜೆ ಅನುಕರಿಸಿದವು. ಪಾರದರ್ಶಕ ಪೆಟ್ಟಿಗೆ ಕೊಟ್ಟು, ಮೇಲಿನ ತೂತಿಗೂ ತಿಂಡಿಗೂ ನಡುವೆ ತಡೆಯಿದೆ ಎಂದು ಕಣ್ಣಿಗೆ ಕಾಣುವಂತಾದಾಗ ಕುಟ್ಟುವುದನ್ನು ಬಿಟ್ಟು ನೇರ ಬಾಗಿಲಿಗೆ ಹೋದವು. ಸ್ಕಾಟ್ಲೆಂಡಿನ ಮೂರು-ನಾಲ್ಕು ವರ್ಷದ ಮಕ್ಕಳು ಮಾತ್ರ ಪಾರದರ್ಶಕ ಪೆಟ್ಟಿಗೆಗೂ ಶ್ರದ್ಧೆಯಿಂದ ಕುಟ್ಟಿದರು! ಜಾಣತನ ಯಾರದು? ಆ ಪೆಟ್ಟಿಗೆಯ ಮಟ್ಟಿಗೆ ಚಿಂಪಾಂಜಿಯದೇ.

ಆದರೆ ಪೆಟ್ಟಿಗೆ ಬಿಟ್ಟು ಮಲೆನಾಡಿನ ಅಡುಗೆಮನೆಗೆ ಬನ್ನಿ. ಮಳೆಗಾಲದಲ್ಲಿ ಬಿದಿರಿನ ಎಳೆ ಮೊಳಕೆ ಬರುತ್ತದೆ. ಮಲೆನಾಡಲ್ಲಿ ಕಳಲೆ, ಕರಾವಳಿಯಲ್ಲಿ ಕಣಿಲೆ. ಸಿಪ್ಪೆಯ ಪದರಗಳನ್ನು ಬಿಡಿಸಿ, ಎಳೆಯ ಭಾಗವನ್ನು ತೆಳುವಾಗಿ ಹೆಚ್ಚಿ, ನೀರಿನಲ್ಲಿ ಮುಳುಗಿಸಿಡಬೇಕು. ದಿನಾ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಎರಡು-ಮೂರು ದಿನವಾದ ಮೇಲೆಯೇ ಬೇಯಿಸಿ ಪಲ್ಯವೋ ಸಾಂಬಾರೋ ಮಾಡಬೇಕು. ಇದರ ಹಿಂದೆ ರಸಾಯನಶಾಸ್ತ್ರವಿದೆ. ಹಸಿ ಮೊಳಕೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇರುತ್ತದೆ. ಹೆಚ್ಚಿದಾಗ ಜೀವಕೋಶ ಒಡೆದು, ಅಲ್ಲೇ ಇರುವ ಕಿಣ್ವ ತಗುಲಿ ಅದು ಮುರಿಯುತ್ತದೆ, ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ನೀರು ಅದನ್ನು ಎಳೆದುಕೊಳ್ಳುತ್ತದೆ, ಬೇಯಿಸುವಾಗ ಉಳಿದದ್ದೂ ಹೋಗುತ್ತದೆ. ದಪ್ಪ ತುಂಡು ಮಾಡಿದರೆ ಒಳಗಿನದು ಸರಿಯಾಗಿ ಬಿಡುವುದಿಲ್ಲ. ನೀರು ಬದಲಿಸದಿದ್ದರೆ ಬಿಟ್ಟದ್ದು ಅದೇ ನೀರಿನಲ್ಲಿ ಉಳಿಯುತ್ತದೆ.

ಸಯನೈಡಿನ ಹೆಸರೇ ಕೇಳದ ಎಷ್ಟೋ ತಲೆಮಾರುಗಳು ಇದನ್ನು ಕರಾರುವಾಕ್ಕಾಗಿ ಮಾಡಿಕೊಂಡು ಬಂದಿವೆ. ಒಬ್ಬರೇ ಕುಳಿತು ಯೋಚಿಸಿ ಈ ಕ್ರಮ ಕಂಡುಹಿಡಿಯುವುದು ಹೆಚ್ಚುಕಡಿಮೆ ಅಸಾಧ್ಯ. ಕಣ್ಣಿಗೆ ಕಾರಣ ಕಾಣದ ಹೆಜ್ಜೆಗಳನ್ನು ಬಿಡುತ್ತ ಹೋಗುವ ಚಿಂಪಾಂಜಿಯ ಜಾಣತನ ಇಲ್ಲಿ ಮೊದಲ ದಿನವೇ ನೀರು ಬದಲಿಸುವುದನ್ನು ಬಿಟ್ಟುಬಿಡುತ್ತಿತ್ತು. ಅಮ್ಮ ಮಾಡಿದಂತೆಯೇ ಮಾಡುವ ಮಗುವಿನ ಪೆದ್ದುತನವೇ ಇಲ್ಲಿ ಕಾಪಾಡುತ್ತದೆ. ಇದೇ ಗುಣ ಅರ್ಥವಿಲ್ಲದ ಆಚರಣೆಗಳನ್ನೂ ಅಷ್ಟೇ ನಿಷ್ಠೆಯಿಂದ ದಾಟಿಸುತ್ತದೆ ಎನ್ನುವುದೂ ನಿಜ. ಬೇಕಾದ್ದನ್ನೂ ಬೇಡದ್ದನ್ನೂ ಬೇರ್ಪಡಿಸುವ ಜರಡಿ ಇದಕ್ಕಿಲ್ಲ.

ಪ್ರಾಣಿಗಳಲ್ಲಿ ಪರಂಪರೆ ಇಲ್ಲವೆಂದಲ್ಲ. ಪಶ್ಚಿಮ ಆಫ್ರಿಕಾದ ಐವರಿಕೋಸ್ಟ್ ದೇಶದ 'ತಾಯಿ' ಎಂಬ ಹೆಸರಿನ ಕಾಡಿನಲ್ಲಿ ಚಿಂಪಾಂಜಿಗಳು ಕಲ್ಲಿನಿಂದ ಗಟ್ಟಿ ಕಾಯಿ ಒಡೆಯುತ್ತವೆ, ಮರಿಗಳು ಅದನ್ನು ಕಲಿಯಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿ ಅಗೆದಾಗ ಸುಮಾರು 4,300 ವರ್ಷ ಹಳೆಯ ಅಂಥದೇ ಕಲ್ಲುಗಳು ಸಿಕ್ಕವು. ಆಗಲೂ ಕಲ್ಲಿನಿಂದ ಕುಟ್ಟುವುದು, ಈಗಲೂ ಕಲ್ಲಿನಿಂದ ಕುಟ್ಟುವುದು. ಕಲ್ಲಿಗೆ ಹಿಡಿ ಕಟ್ಟಿದ ಚಿಂಪಾಂಜಿಯನ್ನು ಯಾರೂ ಕಂಡಿಲ್ಲ.

ಏಕೆ ಹೀಗೆ ಎಂಬುದಕ್ಕೆ 2012ರ ಪ್ರಯೋಗವೊಂದು ಸುಳಿವು ಕೊಟ್ಟಿತು. ಒಂದರ ಮೇಲೊಂದು ಮೂರು ಹಂತವಿರುವ ಪೆಟ್ಟಿಗೆ. ಹಿಂದಿನ ಹಂತ ಬಿಡಿಸದೆ ಮುಂದಿನದು ತೆರೆಯದು, ಪ್ರತಿ ಹಂತಕ್ಕೂ ಮೊದಲಿಗಿಂತ ಒಳ್ಳೆಯ ಬಹುಮಾನ. 30 ಗಂಟೆ ಕೊಟ್ಟರೂ 33 ಚಿಂಪಾಂಜಿಗಳಲ್ಲಿ ಮೂರನೇ ಹಂತ ಮುಟ್ಟಿದ್ದು ಒಂದೇ ಒಂದು. ಶಿಶುವಿಹಾರದ ಮಕ್ಕಳ ಗುಂಪುಗಳಿಗೆ ಕೊಟ್ಟದ್ದು ಎರಡೂವರೆ ಗಂಟೆ. ಹೆಚ್ಚಿನ ಗುಂಪುಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಕೊನೆಯ ಹಂತಕ್ಕೆ ಬಂದರು. ಮಕ್ಕಳು "ಆ ಗುಂಡಿ ಒತ್ತು" ಎಂದು ಒಬ್ಬರಿಗೊಬ್ಬರು ಹೇಳಿಕೊಟ್ಟರು, ತಾವು ಗೆದ್ದ ಸ್ಟಿಕ್ಕರನ್ನು ಪಕ್ಕದವರಿಗೂ ಕೊಟ್ಟರು. ಚಿಂಪಾಂಜಿಗಳಲ್ಲಿ ಎರಡೂ ಕಾಣಲಿಲ್ಲ.

ಕಲಿಸುವ ಪ್ರಾಣಿಗಳೂ ಇವೆ. ಆಫ್ರಿಕಾದ ಕಲಹರಿಯಲ್ಲಿ ಮುಂಗುಸಿ ಕುಲದ ಮೀರ್‌ಕ್ಯಾಟ್‌ಗಳು ಸಣ್ಣ ಮರಿಗೆ ಸತ್ತ ಚೇಳು, ಸ್ವಲ್ಪ ಬೆಳೆದದ್ದಕ್ಕೆ ಕೊಂಡಿ ಕಿತ್ತ ಚೇಳು, ಇನ್ನೂ ಬೆಳೆದ ಮೇಲೆ ಕೊಂಡಿ ಸಮೇತ ಜೀವಂತ ಚೇಳು ಕೊಡುತ್ತವೆ. ಅಚ್ಚುಕಟ್ಟಾದ ಪಠ್ಯಕ್ರಮವೇ ಸರಿ. ಆದರೆ ಸಂಶೋಧಕರು ಎಳೆ ಮರಿಗಳ ಪಕ್ಕದಲ್ಲಿ ಬೆಳೆದ ಮರಿಗಳ ಕೂಗಿನ ಧ್ವನಿಮುದ್ರಣ ಹಾಕಿದಾಗ ದೊಡ್ಡವು ಜೀವಂತ ಬೇಟೆಯನ್ನೇ ಹೆಚ್ಚಾಗಿ ತಂದುಕೊಟ್ಟವು. ಅವು ನೋಡುವುದು ಕೂಗಿನ ವಯಸ್ಸನ್ನು; ಮರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನಲ್ಲ.

ಎದುರಿನವರಿಗೆ ಏನು ಗೊತ್ತಿಲ್ಲ ಎಂಬ ಈ ಅರಿವು ಮಗುವಿನಲ್ಲಿ ಮೂಡುವುದನ್ನು ಮನೆಯಲ್ಲೇ ನೋಡಬಹುದು. ಬಿಸ್ಕತ್ತಿನ ಖಾಲಿ ಡಬ್ಬಿಯೊಳಗೆ ಪೆನ್ಸಿಲ್ ಹಾಕಿ ಮುಚ್ಚಿ. "ಇದರಲ್ಲಿ ಏನಿದೆ ಪುಟ್ಟಾ?" ಎಂದು ಕೇಳಿ, ಬಿಸ್ಕತ್ತು ಎನ್ನುತ್ತದೆ. ತೆರೆದು ಪೆನ್ಸಿಲ್ ತೋರಿಸಿ, ಮತ್ತೆ ಮುಚ್ಚಿ. ಈಗ, "ಅಜ್ಜಿ ಇದನ್ನು ನೋಡಿಯೇ ಇಲ್ಲ. ಮುಚ್ಚಿದ ಡಬ್ಬಿ ತೋರಿಸಿದರೆ ಒಳಗೆ ಏನಿದೆ ಅಂತ ಅಂದ್ಕೋತಾರೆ?" ಮೂರು ವರ್ಷದ ಮಗು ಸಾಮಾನ್ಯವಾಗಿ "ಪೆನ್ಸಿಲ್" ಎನ್ನುತ್ತದೆ. "ಮೊದಲು ನೀನು ಏನು ಅಂದ್ಕೊಂಡಿದ್ದೆ?" ಎಂದರೂ ಹಲವು ಮಕ್ಕಳ ಉತ್ತರ "ಪೆನ್ಸಿಲ್"ಏ. ನಾಲ್ಕು ದಾಟಿ ಐದರ ಹೊತ್ತಿಗೆ ಉತ್ತರ "ಬಿಸ್ಕತ್ತು" ಆಗುತ್ತದೆ, ಜೊತೆಗೆ ಒಂದು ಕಳ್ಳನಗೆ. ಇದು ಕೆಡುವುದು ಎರಡು ಕಡೆ: ಅಜ್ಜಿ ಅಲ್ಲೇ ಕುಳಿತಿದ್ದರೆ ಪ್ರಶ್ನೆಗೇ ಅರ್ಥವಿಲ್ಲ, "ಏನು ಅಂದ್ಕೋತಾರೆ" ಬದಲು "ಏನಿದೆ" ಎಂದು ಕೇಳಿದರೆ ಪೆನ್ಸಿಲ್ ಎಂಬುದೇ ಸರಿಯುತ್ತರ. ಮಗು ತಪ್ಪಿದರೆ ತಿದ್ದಲು ಹೋಗಬೇಡಿ, ಅದು ದಡ್ಡತನವಲ್ಲ.

ವಾನರಗಳಿಗೆ ಈ ಅರಿವು ಒಂದಿಷ್ಟೂ ಇಲ್ಲ ಎಂದು 2016ರವರೆಗೆ ಧೈರ್ಯವಾಗಿ ಹೇಳುತ್ತಿದ್ದರು. ಆ ವರ್ಷ ಚಿಂಪಾಂಜಿ, ಅದರ ಹತ್ತಿರದ ಬಂಧು ಬೊನೊಬೊ, ಒರಾಂಗುಟಾನ್‌ಗಳಿಗೆ ವಿಡಿಯೋ ತೋರಿಸಿ ಅವುಗಳ ಕಣ್ಣಿನ ಚಲನೆ ಹಿಡಿದಾಗ, ಪಾತ್ರಧಾರಿ ತಪ್ಪು ತಿಳಿದು ಹುಡುಕಲಿರುವ ಜಾಗವನ್ನು ಅವು ಮುಂಚಿತವಾಗಿಯೇ ನೋಡುತ್ತಿದ್ದುದು ಕಂಡಿತು. ಹಾಗಾಗಿ ಇಲ್ಲಿ ಗೆರೆ ಎಳೆದಷ್ಟೂ ಅಳಿಸುತ್ತದೆ. ಇನ್ನೂ ಎದ್ದು ಕಾಣುವ ಅಂತರ, ಆ ಅರಿವನ್ನು ಹಂಚಿಕೊಳ್ಳಲು ಬಳಸುವುದರಲ್ಲಿದೆ. ಬಂಡೀಪುರದ ಮಂಗಗಳು ಪ್ರವಾಸಿಗರ ಮುಂದೆ ಮೃದುವಾಗಿ ಕೂಗಿ, ಕೈ ಚಾಚಿ ತಿಂಡಿ ಕೇಳುವುದನ್ನು ಸಂಶೋಧಕರು 2018ರಲ್ಲಿ ವರದಿ ಮಾಡಿದ್ದಾರೆ; ಎದುರಿನವರು ತಮ್ಮತ್ತ ನೋಡುತ್ತಿದ್ದಾರೆಯೇ ಎಂಬುದನ್ನೂ ಅವು ಗಮನಿಸುತ್ತವೆ. ಅದು "ಕೊಡು" ಎಂಬ ಸನ್ನೆ. ಒಂದು ವರ್ಷ ತುಂಬುವ ಹೊತ್ತಿಗೆ ಮಗು ಚಂದ್ರನತ್ತ ಬೆರಳು ಮಾಡಿ ನಿಮ್ಮ ಮುಖ ನೋಡುತ್ತದಲ್ಲ, ಅದು "ನೋಡು" ಎಂಬ ಸನ್ನೆ. ಮೊದಲಿನದು ಪ್ರಾಣಿಲೋಕದಲ್ಲಿ ಧಾರಾಳ, ಎರಡನೆಯದು ತೀರಾ ವಿರಳ.

ಭಾಷೆಯ ಬಗ್ಗೆ ಉದ್ದಕ್ಕೆ ಬರೆಯಬಹುದು, ಒಂದೇ ಉದಾಹರಣೆ ಸಾಕು. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಸನ್ನೆಭಾಷೆ ಕಲಿತ ನಿಮ್ ಎಂಬ ಚಿಂಪಾಂಜಿಯ ಅತಿ ಉದ್ದದ ಮಾತು ಹದಿನಾರು ಸನ್ನೆಗಳದು: ಕೊಡು ಕಿತ್ತಳೆ ನಾನು ಕೊಡು ತಿನ್ನು ಕಿತ್ತಳೆ ನಾನು ತಿನ್ನು ಕಿತ್ತಳೆ ಕೊಡು ನಾನು ತಿನ್ನು ಕಿತ್ತಳೆ ಕೊಡು ನಾನು ನೀನು. ಪದ ಹೆಚ್ಚಾಯಿತು, ಅರ್ಥ ಬೆಳೆಯಲಿಲ್ಲ. "ನಿನ್ನೆ ಬಂದಿದ್ದ ಮಾವ ಕೊಟ್ಟ ಕಿತ್ತಳೆಯನ್ನು ತಂಗಿ ಬಚ್ಚಿಟ್ಟಿದ್ದಾಳೆ ಅಂತ ಅಮ್ಮನಿಗೆ ಗೊತ್ತಿಲ್ಲ" ಎಂದು ಐದಾರು ವರ್ಷದ ಹುಡುಗ ಚಾಡಿ ಹೇಳುವಾಗ ಮಾತಿನೊಳಗೆ ಮಾತು ಕೂತಿದೆ, ಕಣ್ಮುಂದೆ ಇಲ್ಲದ ನಿನ್ನೆ ಇದೆ, ಇನ್ನೊಬ್ಬರ ತಲೆಯಲ್ಲಿ ಇಲ್ಲದಿರುವುದೂ ಇದೆ.

ಇಷ್ಟು ಹೇಳಿದ ಮೇಲೂ ಗೆರೆ ಕಲ್ಲಿನದ್ದಲ್ಲ. ಒಂದು ಜೀವಿ ತಾನೇ ಕಂಡುಹಿಡಿಯಲಾಗದ್ದನ್ನು ಇನ್ನೊಂದರಿಂದ ಕಲಿಯುವುದು ಮನುಷ್ಯನಿಗೆ ಮಾತ್ರ ಸಾಧ್ಯ ಎಂಬ ವಾದಕ್ಕೆ 2024ರಲ್ಲಿ ಪೆಟ್ಟು ಕೊಟ್ಟದ್ದು ಜೇನಿನ ಬಂಧುವಾದ ಬಂಬಲ್‌ಬೀ ಎಂಬ ದಪ್ಪ ಹುಳು. ಪ್ರಯೋಗದ ಪೆಟ್ಟಿಗೆಯಲ್ಲಿ ಮೊದಲು ನೀಲಿ ತಡೆ ಸರಿಸಿ, ಆಮೇಲೆ ಕೆಂಪು ತಡೆ ತಳ್ಳಿದರೆ ಸಕ್ಕರೆ ನೀರು. ದಿನಗಟ್ಟಲೆ ಬಿಟ್ಟರೂ ಯಾವ ಹುಳುವೂ ತಾನಾಗಿ ಅದನ್ನು ಬಿಡಿಸಲಿಲ್ಲ. ಮೊದಲ ಹೆಜ್ಜೆಗೂ ತಾತ್ಕಾಲಿಕವಾಗಿ ಬಹುಮಾನವಿಟ್ಟು ಕೆಲವನ್ನು ಪಳಗಿಸಿದರು. ಅವನ್ನು ನೋಡಿದ ಇತರ ಕೆಲವು ಹುಳುಗಳು, ಮೊದಲ ಹೆಜ್ಜೆಗೆ ಏನೂ ಸಿಗದಿದ್ದರೂ, ಪೂರ್ತಿ ಕೆಲಸ ಕಲಿತವು. ಆದರೆ ಆ ಪೆಟ್ಟಿಗೆಯ ಎರಡು ಹೆಜ್ಜೆಗಳನ್ನು ಹೆಣೆದು ಮೊದಲು ಕಲಿಸಿದ್ದು ಮನುಷ್ಯರೇ. ಕಲಿತ ಎರಡು ಹೆಜ್ಜೆಗೆ ತಾನಾಗಿ ಮೂರನೆಯದನ್ನು ಸೇರಿಸಿ ಪಕ್ಕದ ಹುಳುವಿಗೆ ದಾಟಿಸಿದ ಬಂಬಲ್‌ಬೀ ಇನ್ನೂ ಕಂಡುಬಂದಿಲ್ಲ.